ಬಕ್ರಂ ಇಟ್ಟ ಕಿವಿ

ಯಾದವಗಿರಿಯ ಆ ರಸ್ತೆಗೆ ಚೆಲುವರಾಜು ತನ್ನ ಮೊಪೆಡ್ ತಿರುಗಿಸಿದ ಕೂಡಲೇ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು.

ಅದುವರೆಗೂ ಅವು ಸೊಪ್ಪಿನ ಗಾಡಿಯ ಮೇಲೆ ಹರಿಹಾಯುತ್ತಿದ್ದವು. ಮೂಲೆ ಬಂಗಲೆಯ ಡಾಬರ್‌ಮನ್ ಮೊದಲು ಬಾಯಿ ಮುಚ್ಚಿತು. ಆಮೇಲೆ ಎದುರು ಮನೆಯದು. ಆಮೇಲೆ, ಗಿಡಗಳ ಮರೆಯಲ್ಲಿ ಕಾಣದಿದ್ದ ಇನ್ನೊಂದು. ಮೌನ ಒಂದೊಂದೇ ಗೇಟು ದಾಟಿಕೊಂಡು ಮೊಪೆಡ್ಡಿಗಿಂತ ತುಸು ಮುಂದೆ ಹೋಗುತ್ತಿತ್ತು. ಸರಳುಗಳ ಹಿಂದೆ ನಿಂತ ನಾಯಿಗಳ ತಲೆ ಮಾತ್ರ ಅವನು ಸಾಗಿದಂತೆಲ್ಲ ನಿಧಾನಕ್ಕೆ ತಿರುಗುತ್ತಿತ್ತು. ಎಲ್ಲವುಗಳ ಕಿವಿಯೂ ಒಂದೇ ಅಳತೆಯವು: ಬುಡದಲ್ಲಿ ಅಗಲ, ನಡುವೆ ಸಣ್ಣದೊಂದು ಒಳಬಾಗು, ತುದಿಯಲ್ಲಿ ಸೂಜಿಯ ಚೂಪು. ಚೆಲುವರಾಜುವಿಗೆ ಅವನ್ನು ದೂರದಿಂದಲೇ ಗುರುತಿಸುವುದು ಕಷ್ಟವಿರಲಿಲ್ಲ. ದರ್ಜಿಗೆ ತನ್ನ ಕಟಿಂಗು ಊರಿನ ಯಾವ ಮೂಲೆಯಲ್ಲಿ ಕಂಡರೂ ಗೊತ್ತಾಗುತ್ತದೆ.

ಕಾಂಪೌಂಡಿನ ನೆರಳಿನಲ್ಲಿ ಬುಟ್ಟಿ ಇಳಿಸಿ ಕೂತಿದ್ದ ಹೂವಿನಾಕೆ ನಕ್ಕಳು.

"ಬಂದ್ರಪ್ಪ ನಾಯಿಗಳ ಮಾರಾಜ್ರು! ಆ ಮಂತ್ರವ ನಂಗೂ ಒಸಿ ಹೇಳ್ಕೊಡಿ ಚೆಲುವಣ್ಣ. ದಿನಾ ಸೆರಗಲ್ಲಿ ಕಲ್ಲು ಕಟ್ಕೊಂಡು ತಿರುಗೋದಾದ್ರೂ ತಪ್ತದೆ."

"ಮಂತ್ರ ಅಲ್ಲ ಕಣಕ್ಕ, ಮರ್ವಾದೆ. ಯಾರು ತನ್ನ ಚೆಂದ ಮಾಡುದ್ರು ಅಂತ ಪ್ರಾಣಿಗೂ ಗೊತ್ತಿರ್ತದೆ."

"ಅಂಗಾದ್ರೆ ನಿಮ್ ಎಂಡ್ರೂ ಅಂಗೇ ಬಾಯ್ ಮುಚ್ಕೊಂಡಿರ್ಬೇಕಲ್ಲ?"

"ಅವಳ ಕಿವಿ ನಾನು ಕುಯ್ದಿಲ್ವಲ್ಲಕ್ಕ" ಎಂದು ಚೆಲುವರಾಜು ಗಾಡಿ ಮುಂದೆ ಬಿಟ್ಟ.

ಈ ನಗೆಚಾಟಿಕೆ ಅವನಿಗೆ ಹೊಸದಲ್ಲ. ವಿದ್ಯಾರಣ್ಯಪುರಂನಲ್ಲಿ ಅವನದೊಂದು ಸಣ್ಣ ಹೊಲಿಗೆ ಅಂಗಡಿ. ಸ್ಕೂಲಿನ ಯೂನಿಫಾರಂ, ಸೆಕ್ಯೂರಿಟಿಯವರ ಖಾಕಿ, ಬೇಕೆಂದವರಿಗೆ ರವಿಕೆ. ನಂಜನಗೂಡಿನ ಕಡೆಯ ಒಕ್ಕಲು ಮನೆತನದ ಹುಡುಗ, ಮೀಸೆ ಚಿಗುರುವ ಮೊದಲೇ ಮೈಸೂರಿಗೆ ಬಂದು ಸೋದರಮಾವನ ಮಿಷನ್ನಿನ ಪಕ್ಕ ಕೂತು ಕಾಜಾ ಹಾಕುವುದನ್ನು ಕಲಿತವನು. ಅವನು ಹೊಲಿದ ಕಾಲರ್ ಊರಲ್ಲಿ ಹೆಸರುವಾಸಿ. ಹತ್ತು ಸಲ ಒಗೆದರೂ ಬಾಗುವುದಿಲ್ಲ ಎನ್ನುತ್ತಾರೆ.

ನಾಯಿಯ ಕೆಲಸ ಅವನಿಗೆ ಬಂದದ್ದೂ ಕಾಲರಿನಿಂದಲೇ. ಅರಣ್ಯ ಇಲಾಖೆಯಲ್ಲಿ ಸಾಹೇಬರಾಗಿದ್ದ ಸಿದ್ದಲಿಂಗಸ್ವಾಮಿಯವರ ಅಂಗಿಗಳನ್ನು ಹೊಲಿಯುತ್ತಿದ್ದವನು ಅವನೇ. ಸಾಹೇಬರಿಗೆ ಡಾಬರ್‌ಮನ್ ಎಂದರೆ ಪ್ರಾಣ. ಆ ಜಾತಿಯ ಮರಿ ಹುಟ್ಟುವಾಗ ಅದರ ಕಿವಿ ಬೇಟೆನಾಯಿಯ ಕಿವಿಯಂತೆ ಜೋಲುತ್ತದೆ, ಬಾಲ ಉದ್ದಕ್ಕಿರುತ್ತದೆ. ಪಟದಲ್ಲಿ ಕಾಣುವ ಚೂಪುಗಿವಿ, ಮೋಟು ಹಿಂಭಾಗ ಎರಡೂ ಮನುಷ್ಯರು ಮಾಡಿದ್ದು. ಸಾಹೇಬರು ತಮ್ಮ ಮರಿಯ ಕಿವಿ ಕತ್ತರಿಸಿಕೊಡಿ ಎಂದಾಗ ಪಶುವೈದ್ಯರು ಮಾಡುವುದಿಲ್ಲ ಎಂದರು. ಇದು ಚಿಕಿತ್ಸೆಯಲ್ಲ, ಹಿಂಸೆ ಎಂದರು. ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದ ಮರಿಯಯ್ಯ ಎಂಬಾತ ಮಂಪರಿನ ಸೂಜಿ ಕೊಟ್ಟು ಕತ್ತರಿಸಿದ. ಒಂದು ಕಿವಿ ಉದ್ದ, ಒಂದು ಗಿಡ್ಡ ಆಯಿತು, ಹೊಲಿಗೆಯೂ ಬಿಚ್ಚಿತು. ಸಾಹೇಬರು ರಕ್ತ ಒಸರುವ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನೇರ ಹೊಲಿಗೆ ಅಂಗಡಿಗೆ ಬಂದಿದ್ದರು.

ಚೆಲುವರಾಜುವಿಗೆ ಅಂದು ಕಂಡದ್ದು ರಕ್ತವಲ್ಲ, ಏರುಪೇರು. ಎರಡು ತೋಳು ಒಂದಳತೆ ಇಲ್ಲದ ಅಂಗಿಯನ್ನು ಯಾರಾದರೂ ತೊಟ್ಟು ಓಡಾಡುತ್ತಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಸೂಜಿ ಬಿಸಿನೀರಿಗೆ ಹಾಕಿದ. ಅಂಚು ಸರಿ ಮಾಡಿ ಒತ್ತಾಗಿ ಹೊಲಿದ. ಆಮೇಲೆ ಕಿವಿ ನಿಲ್ಲಲು ಏನು ಮಾಡುವುದು ಎಂದು ಸಾಹೇಬರು ಕೇಳಿದಾಗ ಕಾಲರ್ ಬಾಗದಂತೆ ಒಳಗೆ ಇಡುವ ಗಟ್ಟಿ ಬಕ್ರಂ ಬಟ್ಟೆಯನ್ನು ಸುರುಳಿ ಸುತ್ತಿ, ಕಿವಿಯೊಳಗೆ ಆನಿಸಿ, ಸುತ್ತಲೂ ಬಿಳಿ ಪ್ಲಾಸ್ಟರ್ ಬಿಗಿದ. ಕಿವಿ ಕಾಲರಿನ ಹಾಗೆಯೇ ನಿಂತಿತು.

ಅಲ್ಲಿಂದ ಮುಂದೆ ಮರಿಯಯ್ಯನದು ಮಂಪರಿನ ಸೂಜಿ, ಚೆಲುವರಾಜುವಿನದು ಅಳತೆ, ಕತ್ತರಿ, ಹೊಲಿಗೆ. ಖಾಕಿ ಕಾಗದದಲ್ಲಿ ಕಿವಿಯ ಅಚ್ಚು ಮಾಡಿಕೊಂಡ. ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದ. ಕಣ್ಣು ಬಿಡದ ಮರಿಗಳ ಬಾಲಕ್ಕೆ ಲಂಗದ ಇಲಾಸ್ಟಿಕ್ ದಾರ ಬಿಗಿದು ಕಟ್ಟಿದರೆ ಅದು ಒಣಗಿ ತಾನಾಗಿ ಉದುರುವುದನ್ನು ಕಂಡುಕೊಂಡ. ಕಿವಿಯದು ಅಷ್ಟು ಸುಲಭವಲ್ಲ. ವಾರ ವಾರ ಮನೆಗೆ ಹೋಗಿ ಹಳೆಯ ಪ್ಲಾಸ್ಟರ್ ಕಿತ್ತು ಹೊಸ ಬಕ್ರಂ ಇಡಬೇಕು, ಹೀಗೆ ತಿಂಗಳುಗಟ್ಟಲೆ. ಕೀಳುವಾಗ ಚರ್ರನೆ ರೋಮವೂ ಜೊತೆಗೆ ಬರುತ್ತದೆ. ಮರಿ ಒದ್ದಾಡಿದಷ್ಟೂ ಅವನು ಅದರ ಕತ್ತನ್ನು ತನ್ನ ಮೊಣಕಾಲ ನಡುವೆ ಹಿಡಿದು, "ಆಯ್ತು ಕಂದ, ಆಯ್ತು ಆಯ್ತು" ಎನ್ನುತ್ತಿದ್ದ. ಅವನ ಅವ್ವ ಕರುಗಳಿಗೆ ಹಾಗೇ ಹೇಳುತ್ತಿದ್ದಳು.

ಕತ್ತರಿಸಿದ ಚೂರುಗಳನ್ನು ಅವನು ಎಂದೂ ಬಿಸಾಡಿದವನಲ್ಲ. ಮೈಯಿಂದ ಕಿತ್ತದ್ದನ್ನು ಬೀದಿಗೆ ಎಸೆಯಬಾರದು, ಜೀವ ಅದನ್ನು ಹುಡುಕಿಕೊಂಡು ಅಲೆಯುತ್ತದೆ ಎಂಬುದು ಅವರ ಕಡೆಯ ನಂಬಿಕೆ. ಪೇಪರಿನಲ್ಲಿ ಸುತ್ತಿ ಮನೆಗೆ ತಂದರೆ ಹೆಂಡತಿ ಕೆಂಚಮ್ಮ ಒಂದು ಚಿಟಿಕೆ ಅರಿಶಿನ ಹಾಕಿ ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂಳುತ್ತಾಳೆ. ಆ ಮರ ಬೀದಿಗೆಲ್ಲ ಸಾಕಾಗುವಷ್ಟು ಕಾಯಿ ಬಿಡುತ್ತದೆ. ಅಕ್ಕಪಕ್ಕದವರು ಕೊಯ್ದುಕೊಂಡು ಹೋಗುತ್ತಾರೆ. ಕೆಂಚಮ್ಮ ಮಾತ್ರ ಅದರ ಕಾಯಿಯನ್ನು ಒಂದು ದಿನವೂ ಸಾರಿಗೆ ಹಾಕಿಲ್ಲ. ಯಾಕೆ ಎಂದು ಅವನು ಕೇಳಿಲ್ಲ, ಅವಳು ಹೇಳಿಲ್ಲ. ಇನ್ನೊಂದು ಸಂಗತಿ ಇಬ್ಬರಿಗೂ ಗೊತ್ತು, ಅದನ್ನೂ ಮಾತಾಡುವುದಿಲ್ಲ: ವಿದ್ಯಾರಣ್ಯಪುರಂನ ಎಲ್ಲ ಬೀದಿಗಳಲ್ಲೂ ಬೀದಿನಾಯಿಗಳು ಮಲಗಿರುತ್ತವೆ, ಅವರ ಮನೆ ಮುಂದೆ ಮಲಗುವುದಿಲ್ಲ.

ಅಂದು ಅವನು ಯಾದವಗಿರಿಗೆ ಬಂದದ್ದು ಸಿದ್ದಲಿಂಗಸ್ವಾಮಿಯವರ ಮನೆಗೇ. ಸಾಹೇಬರು ತೀರಿಕೊಂಡು ವರ್ಷವಾಗಿತ್ತು. ಹೆಂಡತಿ ಪದ್ಮಾವತಿ, ಮಗಳು ಲಹರಿ, ಲಹರಿಯ ಆರು ವರ್ಷದ ಮಗಳು ಸಿಂಚನ ಆ ಮನೆಯಲ್ಲಿದ್ದರು. ಸಾಹೇಬರು ಕೊನೆಯದಾಗಿ ಸಾಕಿದ ಡಾಬರ್‌ಮನ್ ಸೀಸರ್ ಕೂಡ. ಎರಡು ವಾರದ ಹಿಂದೆ ಸೀಸರ್ ಸಿಂಚನಳ ಮುಂಗೈಗೆ ಬಾಯಿ ಹಾಕಿತ್ತು. ಹೊಲಿಗೆ ಬಿದ್ದಿತ್ತು. ಡಾಕ್ಟರು ಹೇಳಿದಷ್ಟು ದಿನ ಕಾದು, ನಾಯಿಗೆ ಹುಚ್ಚಿಲ್ಲ ಎಂಬುದು ಖಾತ್ರಿಯಾಯಿತು. ಆಗ ಲಹರಿ, ಹಾಗಾದರೆ ಇನ್ನು ಅದಕ್ಕೆ ಸೂಜಿ ಹಾಕಿಸಿ ಮುಗಿಸಿಬಿಡೋಣ ಎಂದಳು. ಪಶುವೈದ್ಯರು ಮನಸ್ಸಿಲ್ಲದೆ ಒಪ್ಪಿ ನಾಳೆ ಬರುವುದಾಗಿ ಹೇಳಿದ್ದರು. ಪದ್ಮಾವತಿ ಬೆಳಿಗ್ಗೆಯೇ ಚೆಲುವರಾಜುವಿಗೆ ಫೋನು ಮಾಡಿದ್ದರು: ನಿಮ್ಮ ಮುಂದೆ ಎಂಥ ನಾಯಿಯೂ ತೆಪ್ಪಗಿರುತ್ತದಂತೆ, ಒಂದು ಸಲ ಬಂದು ನನ್ನ ಮಗಳಿಗೆ ತೋರಿಸಿ, ಇದು ಕೆಟ್ಟ ಪ್ರಾಣಿಯಲ್ಲ ಅಂತ ನಿಮ್ಮ ಬಾಯಲ್ಲಿ ಹೇಳಿ.

ಗೇಟಿನ ಹತ್ತಿರ ಅವನು ಮೊಪೆಡ್ ನಿಲ್ಲಿಸುವಾಗ ರಸ್ತೆಯಲ್ಲಿ ಒಂದು ಸದ್ದೂ ಇರಲಿಲ್ಲ. ನಡುಮಧ್ಯಾಹ್ನ.

"ಬನ್ನಿ ಚೆಲುವರಾಜು" ಎಂದು ಪದ್ಮಾವತಿ ಜಗುಲಿಯಿಂದ ಇಳಿದು ಬಂದರು. "ಊಟ ಆಯ್ತಾ?"

"ಆಯ್ತು ಅಮ್ಮಾವ್ರೆ. ಎಲ್ಲವನೆ ನಮ್ ಸೀಸರಪ್ಪ?"

ಕಾರ್ ಷೆಡ್ಡಿನ ಪಕ್ಕದ ಕಬ್ಬಿಣದ ಜಾಲರಿಯ ಗೂಡಿನಲ್ಲಿ ನಾಯಿ ನಿಂತಿತ್ತು. ಕುಳಿತಿರಲಿಲ್ಲ, ಮಲಗಿರಲಿಲ್ಲ. ಅವನು ಬರುವುದಕ್ಕೆ ಮೊದಲೇ ಎದ್ದು ನಿಂತಿದ್ದಂತೆ ಕಂಡಿತು. ಕರಿಮೈ ಬಿಸಿಲಿಗೆ ಹೊಳೆಯುತ್ತಿತ್ತು. ಕಿವಿಗಳು ನೆಟ್ಟಗೆ. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಷೆಡ್ಡಿನ ಕಂಬಕ್ಕೆ ಒರಗಿಕೊಂಡು ಲಹರಿ ನಿಂತಿದ್ದಳು. ಕಿಟಕಿಯೊಳಗಿಂದ ಸಿಂಚನ, ಕಟ್ಟು ಹಾಕಿದ ಕೈಯನ್ನು ಎದೆಗೆ ಇಟ್ಟುಕೊಂಡು, ನೋಡುತ್ತಿದ್ದಳು.

"ನೋಡಿ ಅವ್ವ" ಎಂದ ಚೆಲುವರಾಜು ಲಹರಿಯ ಕಡೆ ತಿರುಗಿ. "ಎಷ್ಟು ಮರ್ವಾದೆ! ನಾನು ಕೈಯಾರೆ ಮಾಡಿದ ಕಿವಿ. ಇಂಥ ನಾಯಿ ಕಚ್ತದಾ?"

"ಕಚ್ಚಿತಲ್ಲ" ಎಂದಳು ಲಹರಿ.

"ಮಗು ಏನೋ ಕೀಟಲೆ ಮಾಡಿರ್ಬೇಕು..."

"ನಾನು ಅಲ್ಲೇ ಕೂತಿದ್ದೆ. ಇಷ್ಟು ದೂರ." ಅವಳು ಕೈ ಚಾಚಿ ತೋರಿಸಿದಳು. "ಡಾಕ್ಟರ್ ಆಟ ಆಡ್ತಿದ್ದಳು. ಗೊಂಬೆಗೆ ಆಯ್ತು, ಅಜ್ಜಿಗೆ ಆಯ್ತು, ಆಮೇಲೆ ಸೀಸರ್‌ಗೆ. ದಿನಾ ಅದರ ಮೇಲೇ ಹತ್ತಿ ಕೂರೋಳು, ಸುಮ್ನಿರ್ತಿತ್ತು. ಅವತ್ತೂ ಸುಮ್ನೆ ನಿಂತಿತ್ತು. ಗುರ್ ಅನ್ನಲಿಲ್ಲ. ಕಿವಿ ಅಲ್ಲಾಡಲಿಲ್ಲ. ಬಾಲ ಇದ್ದಿದ್ರೆ ಅದಾದ್ರೂ ಏನಾದ್ರೂ ಹೇಳ್ತಿತ್ತೇನೋ. ಮುಖ ನೋಡಿದ್ರೆ, ಚೆಲುವರಾಜು, ಅದು ಖುಷಿಯಾಗಿರೋ ಹಾಗಿತ್ತು. ಹಾಗೇ ಇದ್ದು ಕಚ್ತು. ಬಿಡ್ತು. ಹೋಗಿ ಷೆಡ್ಡಲ್ಲಿ ಮಲಗ್ತು. ಅದಕ್ಕೇ ನನಗೆ ಭಯ. ಕೋಪ ಮಾಡ್ಕೊಳ್ಳೋ ನಾಯಿ ಆಗಿದ್ರೆ ಇಟ್ಕೊಳ್ತಿದ್ದೆ."

ಪದ್ಮಾವತಿ ಏನೋ ಹೇಳಲು ಹೋದರು. ಲಹರಿ ಅಷ್ಟರಲ್ಲಿ ಒಳಗೆ ಹೋಗಿ ಮಗುವಿನ ಆಟದ ಡಬ್ಬಿ ತಂದಿದ್ದಳು. ಅದರಲ್ಲಿದ್ದ ಬಿಳಿ ಪ್ಲಾಸ್ಟರಿನ ಉಂಡೆಯನ್ನು ತೆಗೆದಳು. "ಇದೇ. ಇದನ್ನ ಅದರ ಕಿವಿ ಹತ್ರ ಹಿಡ್ಕೊಂಡು ಹೀಗೆ ಎಳೆದಳು, ಅಷ್ಟೇ."

ಲಹರಿ ಎಳೆದು ತೋರಿಸಿದಳು. ಪ್ಲಾಸ್ಟರ್ ಉಂಡೆಯಿಂದ ಚರ್ರನೆ ಬಿಚ್ಚಿಕೊಂಡಿತು.

ಗೂಡಿನಲ್ಲಿ ಏನೂ ಅಲುಗಲಿಲ್ಲ. ಕಿವಿಯ ತುದಿಗಳು ಇದ್ದಲ್ಲೇ ಇದ್ದವು. ಆದರೆ ನಾಯಿಯ ಕಾಲ ಬಳಿ ಸಿಮೆಂಟು ಕಪ್ಪಾಗತೊಡಗಿತು. ಒದ್ದೆ ನಿಧಾನಕ್ಕೆ ಹರಡುತ್ತ ಜಾಲರಿ ದಾಟಿ ಚೆಲುವರಾಜುವಿನ ಚಪ್ಪಲಿಯವರೆಗೆ ಬಂತು.

ಅವನು ಬಾಯಲ್ಲಿ ಬಂದದ್ದನ್ನು ಹೇಳಿದ. ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದದ್ದನ್ನೇ. "ಆಯ್ತು ಕಂದ, ಆಯ್ತು ಆಯ್ತು."

ನಾಯಿ ಹಿಂದೆ ಸರಿಯಿತು. ಗೋಡೆಗೆ ಹಿಂಭಾಗ ತಾಗಿದ ಮೇಲೂ ಸರಿಯುವುದನ್ನು ಬಿಡಲಿಲ್ಲ. ಗೋಡೆಯೊಳಗೆ ಹೋಗಲು ದಾರಿ ಇದೆ ಎಂಬಂತೆ ಒತ್ತಿಕೊಂಡೇ ಇತ್ತು. ಉಗುರುಗಳು ಸಿಮೆಂಟಿನ ಮೇಲೆ ಜಾರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಯಿ ಮುಚ್ಚಿತ್ತು. ಕಿವಿಗಳು ಆಗಲೂ ಪಟದಲ್ಲಿದ್ದಂತೆಯೇ, ನೆಟ್ಟಗೆ, ಯಾವುದೋ ಒಳ್ಳೆಯ ಸುದ್ದಿ ಕೇಳುತ್ತಿರುವಂತೆ ನಿಂತಿದ್ದವು.

"ಇದು ಮರ್ಯಾದೆನಾ?" ಎಂದರು ಪದ್ಮಾವತಿ. ಕೇಳಿದ್ದು ಅವನನ್ನೋ, ತಮ್ಮನ್ನೋ ತಿಳಿಯಲಿಲ್ಲ.

ಚೆಲುವರಾಜು ಯಾವಾಗಲೂ ಕಿವಿಯ ಅಂಚನ್ನು ನೋಡುತ್ತಿದ್ದವನು. ಗೆರೆ ನೇರ ಬಂದಿದೆಯೇ, ತುದಿ ಕೂಡಿದೆಯೇ ಎಂದು. ಅಂದು ಮೊದಲ ಸಲ ಬುಡ ನೋಡಿದ. ತಲೆಗೆ ಕಿವಿ ಸೇರುವಲ್ಲಿ ಚರ್ಮ ಸಣ್ಣಗೆ ಸುಕ್ಕುಗಟ್ಟುತ್ತಿತ್ತು. ಒಳಗೆ ಏನೋ ಜಗ್ಗುತ್ತಿತ್ತು, ಹಿಂದಕ್ಕೆ, ಕೆಳಕ್ಕೆ. ಅಲ್ಲಿರಬೇಕಾದ ಅಗಲವಾದ, ಭಾರವಾದ ಕಿವಿಯನ್ನು ಅದು ಕತ್ತಿನ ಕಡೆ ಎಳೆದು ಮಡಚಲು ಹೊರಟಿತ್ತು. ಎಳೆಯಲು ಏನೂ ಇರಲಿಲ್ಲ. ಹಿಂಭಾಗದಲ್ಲಿ ಮೋಟು ಬಾಲದ ಗಂಟೂ ಹಾಗೇ ಅದುರುತ್ತಿತ್ತು, ಇಲ್ಲದ ಉದ್ದವನ್ನು ಕಾಲ ನಡುವೆ ಮುದುರಿಕೊಳ್ಳಲು.

ಅವನಿಗೆ ದಾರಿಯಲ್ಲಿ ಕಂಡ ಗೇಟುಗಳು ಒಂದೊಂದಾಗಿ ನೆನಪಾದವು. ತನ್ನ ಹಿಂದೆ ತಿರುಗಿದ ತಲೆಗಳು. ಇಷ್ಟು ವರ್ಷ, ಎಷ್ಟು ಬೀದಿಗಳಲ್ಲಿ.

ಒಂದು ಮಾತು ಹೇಳಿ ಹೋಗಿಬಿಡಬಹುದಿತ್ತು. ಒಳ್ಳೆಯ ನಾಯಿ ಎಂದರೆ ಪದ್ಮಾವತಿ ನಂಬುತ್ತಿದ್ದರು. ಕೆಟ್ಟ ನಾಯಿ ಎಂದರೆ ಲಹರಿಗೆ ಸಾಕಿತ್ತು, ನಾಳೆಗೆ ಮುಗಿಯುತ್ತಿತ್ತು, ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ.

"ಅವ್ವ" ಎಂದ. "ಇದು ಕಚ್ಚಿದ್ದು ಮಗೂಗಲ್ಲ. ನಂಗೆ."

ಲಹರಿ ಪ್ಲಾಸ್ಟರಿನ ಉಂಡೆಯನ್ನು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಈ ಮನೆಯ ಜಗುಲಿಯಲ್ಲೇ ಅವನು ಮರಿಯನ್ನು ಮೊಣಕಾಲ ನಡುವೆ ಹಿಡಿದು ಕೂರುತ್ತಿದ್ದುದನ್ನು ಅವಳು ಕಂಡಿದ್ದಳು.

"ಗೊತ್ತಾಗಿ ನನಗೇನು ಪ್ರಯೋಜನ?" ಎಂದಳು. "ನಾಳೆ ಇನ್ಯಾರದೋ ಕೈಯಲ್ಲಿ ಅದಕ್ಕೆ ನೀವು ಕಾಣ್ತೀರ. ಕಂಡಿದ್ದು ನಮಗೆ ಹೇಗೆ ಗೊತ್ತಾಗುತ್ತೆ? ಹೇಳೋ ಬಾಯೇ ಇಲ್ವಲ್ಲ ಅದಕ್ಕೆ."

"ನಾವೇ ಕುಯ್ದ್ಬುಟ್ವಿ ಅದ."

"ನಾವು ಅನ್ಬೇಡಿ."

"ನಾವೇ ಕಣೇ" ಎಂದರು ಪದ್ಮಾವತಿ. "ನಿಮ್ಮಪ್ಪ ಬೇಕು ಅಂದ್ರು. ಮರಿ ಕಿರುಚೋದು ಕೇಳಬಾರದು ಅಂತ ನಾನು ಒಳಗೆ ಹೋಗಿ ಮಿಕ್ಸಿ ಹಾಕ್ತಿದ್ದೆ."

ನಾಯಿ ಗೋಡೆಯನ್ನು ಒತ್ತಿಕೊಂಡೇ ಇತ್ತು.

"ಒಸಿ ಅದೆ ಅವ್ವ, ಪೂರ್ತಿ ಹೋಗಿಲ್ಲ" ಎಂದ ಚೆಲುವರಾಜು. "ಕಿವಿ ತುದಿ ನೋಡ್ಬೇಡಿ, ಅದು ಸುಳ್ಳು ಹೇಳ್ತದೆ. ಬುಡ ನೋಡಿ. ಚರ್ಮ ಸುಕ್ಕಾಯ್ತದಲ್ಲ, ಅಲ್ಲಿ. ನಾನು ಆಚೆ ಹೋಯ್ತೀನಿ. ಏನಾಯ್ತದೆ ನೋಡ್ಕೊಳಿ."

ಅವನು ಗೇಟು ದಾಟಿ, ರಸ್ತೆಯ ತಿರುವಿನಾಚೆ ಹೋಗಿ ನಿಂತ. ಅಲ್ಲಿಂದ ಮನೆ ಕಾಣುತ್ತಿರಲಿಲ್ಲ. ಅವನ ಎದುರಿನ ಗೇಟಿನ ಹಿಂದೆ ಇನ್ನೊಂದು ನಾಯಿ ಬಂದು ನಿಂತು, ಅವನನ್ನೇ ನೋಡುತ್ತಿತ್ತು. ಅವನು ಅದಕ್ಕೆ ಬೆನ್ನು ಮಾಡಿದ. ಬೆನ್ನ ಹಿಂದೆ ಉಸಿರು ಕೇಳುತ್ತಿತ್ತು.

"ಬನ್ನಿ" ಎಂದು ಲಹರಿ ಕರೆದಳು.

ಬಂದ. ಅವಳು ಗೂಡಿನ ಮುಂದೆ ನೆಲದ ಮೇಲೆ ಕೂತಿದ್ದಳು. ಅವನ ಕಡೆ ತಿರುಗಲಿಲ್ಲ, ಕಣ್ಣು ನಾಯಿಯ ತಲೆಯ ಮೇಲೇ ಇತ್ತು. ಅವನು ಷೆಡ್ಡಿನ ನೆರಳಿಗೆ ಕಾಲಿಟ್ಟಾಗ ಅವಳು "ಹಾಂ" ಎಂದಳು, ಮೆಲ್ಲಗೆ.

"ಕಂಡ್ತಾ?"

"ಇನ್ನೊಂದು ಸಲ ಹೋಗಿ."

ಹೋದ. ಬಂದ. ಮತ್ತೆ ಹೋಗಿ ಎಂದಳು. ಹೆದರಿಸುವುದಕ್ಕೆಂದೇ ನಿಂತವನ ಹಾಗೆ ಅವನು ಬಿಸಿಲಿನಲ್ಲಿ ಹೋಗಿ ಬಂದು ಮಾಡಿದ. ಕೊನೆಯ ಸಲ ಅವನು ಗೇಟಿನ ಆಚೆ ಇದ್ದಾಗಲೇ, ಇನ್ನೂ ಒಳಗೆ ಬರದಿದ್ದಾಗಲೇ, ಲಹರಿ ಗಟ್ಟಿಯಾಗಿ ಹೇಳಿದಳು: "ಬಂದ್ರು." ಕಿಟಕಿಯಿಂದ ಸಿಂಚನ, "ನನಗೂ ಕಂಡ್ತಮ್ಮ, ಅಲ್ಲಿ ಗುಳಿ ಬೀಳುತ್ತೆ" ಎಂದಳು.

ಲಹರಿ ಎದ್ದು ಸೀರೆಯ ಧೂಳು ಕೊಡವಿಕೊಂಡಳು. ಅವನ ಮುಖ ನೋಡಿದ್ದು ಆಗ.

"ಸಾಕು. ಇನ್ಮೇಲೆ ನೀವು ಇಲ್ಲಿಗೆ ಬರಬೇಡಿ."

"ಆಗ್ಲಿ ಅವ್ವ. ಡಾಕ್ಟರು...?"

"ನಾನಿನ್ನೂ ಯೋಚನೆ ಮಾಡ್ಬೇಕು" ಎಂದಳು. ಪದ್ಮಾವತಿ ಅವನಿಗೆ ಕಾಫಿ ತರಲು ಒಳಗೆ ಹೋಗಿದ್ದರು. ಅವನು ಕಾಯಲಿಲ್ಲ.

ಹಿಂದಿರುಗುವಾಗ ಮೊಪೆಡ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೋದ. ಸದ್ದಾಗದಿದ್ದರೆ ನಾಯಿಗಳಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದ. ತಿಳಿಯಿತು. ಹೂವಿನಾಕೆ ಎದ್ದು ಹೋಗಿದ್ದಳು. ಖಾಲಿ ರಸ್ತೆಯಲ್ಲಿ ಬೊಗಳುವಿಕೆ ಅವನಿಗಿಂತ ಮುಂದೆ ನಿಲ್ಲುತ್ತ, ಅವನು ಬಹಳ ದೂರ ಹೋದ ಮೇಲೆ ಹಿಂದಿನಿಂದ ಮತ್ತೆ ಶುರುವಾಗುತ್ತಿತ್ತು. ಅವನು ನಡೆಯುವ ಜಾಗದಲ್ಲಿ ಮಾತ್ರ, ಮೇಲೆ ಗಾಜಿನ ಬಟ್ಟಲು ಮುಚ್ಚಿದ ಹಾಗೆ, ಏನೂ ಕೇಳುತ್ತಿರಲಿಲ್ಲ.

ರೈಲ್ವೆ ಹಳಿಯ ಹತ್ತಿರ ಮರಿಯಯ್ಯನ ಫೋನು ಬಂತು.

"ಎಲ್ಲಿದ್ದೀಯ ಚೆಲುವ? ಬನ್ನಿಮಂಟಪದಲ್ಲಿ ಐದು ಮರಿ ಅವೆ ಕಣೋ. ಭಾನ್ವಾರಕ್ಕೆ ಬಾ ಅಂದವ್ರೆ."

"ನಾನು ಬರಾಕಿಲ್ಲ ಮರಿಯಣ್ಣ."

"ಯಾಕೆ, ಮೈ ಸರಿ ಇಲ್ವಾ?"

"ಕುಯ್ಯಾಕಿಲ್ಲ ಇನ್ನ. ನೀನೂ ಬುಟ್ಬುಡು."

"ಬಿಸಿಲು ಜಾಸ್ತಿಯಾಗದೆ ನಿಂಗೆ. ಓಗಿ ಮಜ್ಗೆ ಕುಡಿ. ನಾನೇ ಮಾಡ್ತೀನಿ ಬುಡು, ಸೊಟ್ಟಗಾದ್ರೆ ನಿನ್ನ ಎಸ್ರೇ ಯೋಳ್ತೀನಿ" ಎಂದು ಮರಿಯಯ್ಯ ನಕ್ಕು ಫೋನಿಟ್ಟ. ಆ ಐದು ಮರಿಗಳ ಕಿವಿ ಆ ಭಾನುವಾರವೇ ಹೋಯಿತು.

ಸಂಜೆ ಕೆಂಚಮ್ಮ ಗಂಡನ ಕೈ ನೋಡಿದಳು. ಪೇಪರಿನ ಪೊಟ್ಟಣ ಇರಲಿಲ್ಲ.

"ಇವತ್ತೇನೂ ತರ್ನಿಲ್ವಾ?"

"ಇಲ್ಲ ಕಣಮ್ಮಿ. ಇನ್ನ ತರಾಕಿಲ್ಲ."

ಅವಳು ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. "ನೀವು ತರದಿದ್ರೆ ಆಯ್ತಾ?" ಎಂದಳು. "ಹಿತ್ಲಲ್ಲಿ ಇರೋವು ಎಲ್ಗೋಯ್ತವೆ?" ಆಮೇಲೆ ಹಿತ್ತಲಿನ ಬಾಗಿಲು ಹಾಕಿ, ಚಿಲಕ ಸರಿಸಿ, ಅಡುಗೆಗೆ ಹೋದಳು.

ಮರುದಿನ ಪಶುವೈದ್ಯರು ಯಾದವಗಿರಿಗೆ ಬಂದರು. ಲಹರಿ ಅವರನ್ನು ಗೇಟಿನಲ್ಲೇ ಮಾತಾಡಿಸಿ ವಾಪಸು ಕಳಿಸಿದಳು. ಸೀಸರ್ ಆ ಮನೆಯಲ್ಲೇ ಇದೆ. ಸಿಂಚನ ಅಂಗಳಕ್ಕೆ ಇಳಿಯುವ ಹೊತ್ತಿಗೆ ಅದನ್ನು ಗೂಡಿಗೆ ಹಾಕಿ ಚಿಲಕ ಹಾಕುತ್ತಾರೆ.